ಬಳೆ ಮೂಡಿದರೆ ಸಾಲದು: ಗಿಡದ ಸಾರ ಬ್ಯಾಕ್ಟೀರಿಯಾವನ್ನು ತಡೆಯುತ್ತದೆಯೇ ಎಂದು ಪರೀಕ್ಷಿಸುವ ಬಗೆ

ಕೆಲವು ವರ್ಷಗಳ ಹಿಂದಿನ ಮಾತು. ಬಿಎಸ್ಸಿ ಕೊನೆಯ ವರ್ಷದ ಪ್ರಾಜೆಕ್ಟ್ ವೈವಾ ನಡೆದಿತ್ತು. ಹುಡುಗಿಯೊಬ್ಬಳು ಮೆಥನಾಲ್‌ನಲ್ಲಿ ತೆಗೆದ ಲಕ್ಕಿ ಸೊಪ್ಪಿನ ಸಾರ ಹಾಕಿದ ಪ್ಲೇಟಿನ ಫೋಟೋ ತಂದಿದ್ದಳು. ಮಂಜು ಕವಿದ ಹಾಗೆ ಬ್ಯಾಕ್ಟೀರಿಯಾ ಹಬ್ಬಿದ ಅಗರ್ ಎಂಬ ಜೆಲ್ಲಿ, ಅದರ ನಡುವಿನ ಗುಳಿಯ ಸುತ್ತ ಮಾತ್ರ ತಿಳಿಯಾದ ವೃತ್ತ. ನಮ್ಮ ಲ್ಯಾಬಿನಲ್ಲಿ ಇದಕ್ಕೆ ಬಳೆ ಅಂತಲೇ ಹೆಸರು. ಅವಳದ್ದು 14 ಮಿಲಿಮೀಟರಿನ ಬಳೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೇ ಪ್ರಶ್ನೆ ಕೇಳಿದರು: "ಸೊಪ್ಪಿಲ್ಲದೆ ಬರೀ ಮೆಥನಾಲ್ ಹಾಕಿದ ಗುಳಿ ಎಲ್ಲಮ್ಮ?"

ಅಂಥ ಗುಳಿಯೇ ಇರಲಿಲ್ಲ. ಅವಳ ಗೈಡ್ ನಾನೇ ಆಗಿದ್ದರಿಂದ ಆ ಪ್ರಶ್ನೆ ತಾಗಿದ್ದು ನನಗೆ. ಮುಂದಿನ ವಾರ ಇಬ್ಬರೂ ಕೂತು ಮತ್ತೆ ಪ್ಲೇಟ್ ಹಾಕಿದೆವು. ಬರೀ ಮೆಥನಾಲ್ ಹಾಕಿದ ಗುಳಿಯ ಸುತ್ತಲೂ ಬಳೆ ಮೂಡಿತ್ತು, 12 ಮಿ.ಮೀ. ಲಕ್ಕಿ ಸೊಪ್ಪಿನ ಪಾಲಿಗೆ ಉಳಿದದ್ದು ಹೆಚ್ಚುಕಮ್ಮಿ ಏನೂ ಇಲ್ಲ. ಅಂದಿನಿಂದ ನನ್ನ ಹತ್ತಿರ ಪ್ರಾಜೆಕ್ಟಿಗೆ ಬರುವ ಮಕ್ಕಳಿಗೆ ಮೊದಲು ಖಾಲಿ ಗುಳಿ, ಅಂದರೆ ಸಾರವಿಲ್ಲದೆ ಬರೀ ದ್ರಾವಕದ ಗುಳಿ, ಹಾಕುವುದನ್ನು ಕಲಿಸುತ್ತೇನೆ. ಸಾರ ತೆಗೆಯುವ ಪಾಠ ಆಮೇಲೆ.

ಈ ಬರಹ ಪದವಿ ಕಾಲೇಜಿನ ವಿದ್ಯಾರ್ಥಿಗಳಿಗೆ, ಅವರಿಗೆ ಗೈಡ್ ಆಗುವ ಹೊಸ ಮೇಷ್ಟ್ರುಗಳಿಗೆ. ಆಟೋಕ್ಲೇವ್, ಇನ್‌ಕ್ಯುಬೇಟರ್, ಒಂದು ತಕ್ಕಡಿ, ಒಂದು ಮೈಕ್ರೋಪಿಪೆಟ್ ಇರುವ ಸಾಧಾರಣ ಲ್ಯಾಬ್ ಸಾಕು. ಮನೆಯಲ್ಲಿ ಮಾತ್ರ ಬೇಡ. ಅಡುಗೆಮನೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದು, ಆ ಪ್ಲೇಟನ್ನು ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಇಡುವುದು, ಇವನ್ನೆಲ್ಲ ಯೂಟ್ಯೂಬ್ ನೋಡಿ ಮಾಡಿದವರನ್ನು ಕಂಡಿದ್ದೇನೆ.

ಯಾವ ಬ್ಯಾಕ್ಟೀರಿಯಾ

ಮಕ್ಕಳಿಗೆ ದೊಡ್ಡ ರೋಗದ ಹೆಸರೇ ಬೇಕು. ಟೈಫಾಯ್ಡ್ ಬ್ಯಾಕ್ಟೀರಿಯಾ ಸಿಗುತ್ತದಾ ಸಾರ್, ಅಂತ ಕೇಳುತ್ತಾರೆ. ಬೇಡ. ರೋಗ ತರುವ ತಳಿಗಳಿಗೆ ತಕ್ಕ ಸುರಕ್ಷಾ ಕ್ಯಾಬಿನೆಟ್ ಬೇಕು, ತರಬೇತಿ ಪಡೆದ ಕೈ ಬೇಕು. ಕಲಿಯುವ ಹಂತಕ್ಕೆ ಎರಡು ತಳಿ ಸಾಕು: ಒಂದು ಬ್ಯಾಸಿಲಸ್ ಸಬ್ಟಿಲಿಸ್, ಇನ್ನೊಂದು ಇ. ಕೋಲೈಯ ನಿರಪಾಯಕಾರಿ ಕೆ-12 ತಳಿ. ಚಂಡೀಗಢದ ಎಂಟಿಸಿಸಿ, ಪುಣೆಯ ಎನ್‌ಸಿಐಎಂ, ಈ ಎರಡೂ ಸಂಗ್ರಹಾಲಯಗಳು ಕಾಲೇಜಿನ ಪತ್ರದ ಮೇಲೆ ಹಣಕ್ಕೆ ತಳಿಗಳನ್ನು ಕಳಿಸಿಕೊಡುತ್ತವೆ. ಗುರುತಿನ ಸಂಖ್ಯೆ ಸಮೇತ ಬರುವುದರಿಂದ ರಿಪೋರ್ಟಿನಲ್ಲಿ ಧೈರ್ಯವಾಗಿ ಬರೆಯಬಹುದು. ಚರಂಡಿ, ಮೊಬೈಲ್, ಬಸ್ಸಿನ ಸರಳು ಒರೆಸಿ ತಂದದ್ದನ್ನು ಬೆಳೆಸಬೇಡಿ. ಏನು ಬೆಳೆದಿದೆ ಎಂದೇ ತಿಳಿಯದಿದ್ದ ಮೇಲೆ ಅದನ್ನು ತಡೆದೆವು ಎಂಬ ಮಾತಿಗೆ ತೂಕವಿಲ್ಲ.

ಎರಡು ಏಕೆ? ಬ್ಯಾಸಿಲಸ್ ಗ್ರಾಂ ಪಾಸಿಟಿವ್, ಇ. ಕೋಲೈ ಗ್ರಾಂ ನೆಗೆಟಿವ್. ಗ್ರಾಂ ನೆಗೆಟಿವ್ ಕೋಶಕ್ಕೆ ಹೊರಗಡೆ ಇನ್ನೊಂದು ಪೊರೆ ಇರುತ್ತದೆ. ಎಣ್ಣೆಯ ಸ್ವಭಾವದ ವಸ್ತುಗಳನ್ನು ಅದು ಸುಲಭಕ್ಕೆ ಒಳಗೆ ಬಿಡದು. ಹಾಗಾಗಿ ಸಸ್ಯಸಾರಗಳು ಸಾಮಾನ್ಯವಾಗಿ ಬ್ಯಾಸಿಲಸ್ ಮೇಲೆ ಕೆಲಸ ಮಾಡಿ, ಇ. ಕೋಲೈ ಮುಂದೆ ಸೋಲುತ್ತವೆ. ಒಂದನ್ನೇ ಇಟ್ಟುಕೊಂಡರೆ ಅರ್ಧ ಕತೆ ಮಾತ್ರ ಸಿಗುತ್ತದೆ.

ಯಾವ ಗಿಡ, ಎಲ್ಲಿಂದ ತಂದದ್ದು

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ದಾಳಿಂಬೆ ಸಿಪ್ಪೆ. ಜ್ಯೂಸ್ ಅಂಗಡಿಯವರು ಬುಟ್ಟಿಗಟ್ಟಲೆ ಎಸೆಯುತ್ತಾರೆ, ಕೇಳಿದರೆ ಸುಮ್ಮನೆ ಕೊಡುತ್ತಾರೆ. ಅದರ ಒಗರೇ ಹೇಳುವಂತೆ ಅದರಲ್ಲಿ ಟ್ಯಾನಿನ್ ತುಂಬಿದೆ. ಅದು ನೀರಿನಲ್ಲೂ ಇಳಿಯುತ್ತದೆ, ಅಗರಿನಲ್ಲೂ ಹರಡುತ್ತದೆ. ಎರಡನೆಯದು ಬೆಳ್ಳುಳ್ಳಿ. ಲವಂಗವೂ ನಂಬಿಕಸ್ಥ. ಅದರ ಎಣ್ಣೆಯಲ್ಲಿ ಯೂಜಿನಾಲ್‌ನದೇ ದೊಡ್ಡ ಪಾಲು. ಹಲ್ಲುನೋವಿಗೆ ಅಜ್ಜಿ ಇಡುತ್ತಿದ್ದ ಲವಂಗದಲ್ಲಿ ಕೆಲಸ ಮಾಡುತ್ತಿದ್ದುದು ಅದೇ.

ಅರಿಶಿನ ಬೇಡವೇ ಎಂದು ಕೇಳುವವರಿದ್ದಾರೆ. ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಆಲ್ಕೋಹಾಲಿನಲ್ಲಿ ಕರಗಿಸಿದರೂ ನೀರೇ ತುಂಬಿರುವ ಅಗರಿನಲ್ಲಿ ಅದು ಮುಂದಕ್ಕೆ ಸಾಗದೆ ಗುಳಿಯ ಅಂಚಿನಲ್ಲೇ ಕೂರುತ್ತದೆ. ಬಳೆ ಪುಟ್ಟದಾಗಿ ಬಂತೆಂದು ಅರಿಶಿನಕ್ಕೆ ಶಕ್ತಿ ಇಲ್ಲ ಎನ್ನಲಾಗದು, ಈ ವಿಧಾನ ಅದಕ್ಕೆ ಹೊಂದುವುದಿಲ್ಲ ಅಷ್ಟೆ. ಇದನ್ನು ನೆನಪಿಡಿ, ಮುಂದೆ ಬಳೆ ಅಳೆಯುವಾಗ ಮತ್ತೆ ಬರುತ್ತದೆ.

ಗಿಡದ ಹೆಸರಿನಲ್ಲೂ ಎಚ್ಚರ ಬೇಕು. ಬ್ರಾಹ್ಮಿ ಎಂದರೆ ನಮ್ಮಲ್ಲಿ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಗಿಡ. ಹೂವೋ ಕಾಯೋ ಇರುವ ರೆಂಬೆಯನ್ನು ಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿ, ತಂದ ಜಾಗ, ದಿನಾಂಕ ಬರೆದು, ಸಸ್ಯಶಾಸ್ತ್ರ ವಿಭಾಗದಲ್ಲಿ ತೋರಿಸಿ ಗುರುತು ಹಾಕಿಸಿ.

ಇನ್ನೊಂದು ವಿಷಯ ಬಹಳ ಮಂದಿಗೆ ಹೊಳೆಯುವುದಿಲ್ಲ. ವಿಜಯಪುರ, ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗದ ಕಡೆ ದಾಳಿಂಬೆ ತೋಟ ಮಾಡಿದವರನ್ನು ಕೇಳಿ. ದುಂಡಾಣು ಅಂಗಮಾರಿ ರೋಗಕ್ಕೆ ಅವರು ಹೊಡೆಯುತ್ತ ಬಂದದ್ದು ಸ್ಟ್ರೆಪ್ಟೋಸೈಕ್ಲಿನ್ ಮತ್ತು ತಾಮ್ರದ ಔಷಧಿ. ಸ್ಟ್ರೆಪ್ಟೋಸೈಕ್ಲಿನ್ ಅಂದರೆ ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್ ಎಂಬ ಎರಡು ಆ್ಯಂಟಿಬಯಾಟಿಕ್‌ಗಳ ಮಿಶ್ರಣ. ಸಿಪ್ಪೆಯ ಮೇಲೆ ಅದರ ಅಂಶ ಉಳಿದಿದ್ದರೆ ನಿಮ್ಮ ಪ್ಲೇಟಿನಲ್ಲಿ ಮೂಡುವ ಬಳೆ ಯಾರದ್ದು? ವೀಳ್ಯದೆಲೆಯ ತೋಟದಲ್ಲೂ ಮೈಲುತುತ್ತ ಸುಣ್ಣದ ದ್ರಾವಣ ಹೊಡೆಯುತ್ತಾರೆ. ಆದ್ದರಿಂದ ಔಷಧಿ ಕಾಣದ ಹಿತ್ತಲ ಗಿಡದ ಹಣ್ಣು ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ಹಣ್ಣನ್ನು ಇಡಿಯಾಗಿ ತಂದು, ಚೆನ್ನಾಗಿ ಉಜ್ಜಿ ತೊಳೆದು, ಕೊನೆಯ ಸಲ ತೊಳೆದ ನೀರನ್ನೂ ಒಂದು ಬಾಟಲಿಯಲ್ಲಿ ಎತ್ತಿಡಿ. ಆ ನೀರಿಗೂ ಒಂದು ಗುಳಿ ಕೊಡೋಣ.

ಸಾರ ತೆಗೆಯುವುದು: ದಾಳಿಂಬೆ

ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ನೆರಳಿನಲ್ಲಿ ಒಣಗಿಸಿ. ಮಳೆಗಾಲವಾದರೆ ಬೂಸ್ಟು ಹಿಡಿಯುತ್ತದೆ, 40 ಡಿಗ್ರಿಯ ಓವನ್ನಿನಲ್ಲಿ ಇಡಿ. ಮುರಿದರೆ ಚಟ್ ಎನ್ನುವಷ್ಟು ಒಣಗಿದ ಮೇಲೆ ಮಿಕ್ಸಿಗೆ ಹಾಕಿ, ಜರಡಿ ಹಿಡಿದು, ಗಾಳಿಯಾಡದ ಡಬ್ಬಿಯಲ್ಲಿ ತುಂಬಿ. ಹಸಿ ಸೊಪ್ಪಿನ ತೂಕ ಹಿಡಿದು ಲೆಕ್ಕ ಬರೆಯುವವರು ಎಷ್ಟೋ ಜನ. ಇಂದಿನ ಎಲೆಯಲ್ಲಿರುವಷ್ಟೇ ನೀರು ನಾಳೆಯ ಎಲೆಯಲ್ಲಿರುವುದಿಲ್ಲವಾದ್ದರಿಂದ ಆ ಲೆಕ್ಕ ನಿಲ್ಲುವುದಿಲ್ಲ.

10 ಗ್ರಾಂ ಪುಡಿಗೆ 100 ಮಿ.ಲೀ. ದ್ರಾವಕ. ಎರಡು ಫ್ಲಾಸ್ಕ್ ಮಾಡಿ: ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ 70 ಶೇಕಡಾ ಎಥೆನಾಲ್. ಎಥೆನಾಲ್‌ಗೆ ಅಬಕಾರಿ ಪರವಾನಗಿಯ ತಾಪತ್ರಯ ಇರುವುದರಿಂದ ಅನೇಕ ಕಾಲೇಜುಗಳಲ್ಲಿ ಮೆಥನಾಲೇ ಗತಿ. ಅದು ವಿಷ, ಕಣ್ಣು ಕಳೆಯುತ್ತದೆ. ಗಾಳಿಯಾಡುವ ಕಡೆ, ಕೈಗವಸು ಹಾಕಿಕೊಂಡೇ ಬಳಸಿ. ಸ್ಯಾನಿಟೈಸರ್ ಸುರಿದು ಸಾರ ತೆಗೆದವರೂ ಉಂಟು, ಅದರೊಳಗೆ ಬೇರೆ ಏನೇನು ಸೇರಿದೆಯೋ.

ಆಲ್ಕೋಹಾಲಿನ ಫ್ಲಾಸ್ಕನ್ನು ಶೇಕರ್ ಮೇಲೆ 24 ಗಂಟೆ ಬಿಡಿ. ಶೇಕರ್ ಇಲ್ಲದಿದ್ದರೆ ಗಂಟೆಗೊಮ್ಮೆ ಕೈಯಿಂದ ಅಲುಗಿಸಿದರೂ ನಡೆಯುತ್ತದೆ. ನೀರಿನದು ಅಷ್ಟು ಹೊತ್ತು ಹೊರಗಿದ್ದರೆ ಹುಳಿಯುತ್ತದೆ. ಅದನ್ನು ನಾಲ್ಕೈದು ಗಂಟೆಗೆ ಮುಗಿಸಿ, ಇಲ್ಲವೇ ಫ್ರಿಜ್ಜಿನಲ್ಲಿ ನೆನೆಸಿ. ಆಮೇಲೆ ಮಸ್ಲಿನ್ ಬಟ್ಟೆಯಲ್ಲಿ ಹಿಂಡಿ, ವಾಟ್‌ಮನ್ 1ನೇ ನಂಬರ್ ಕಾಗದದಲ್ಲಿ ಸೋಸಿ. ಬಟ್ಟೆಯ ಹಂತ ಬಿಟ್ಟು ನೇರ ಕಾಗದಕ್ಕೆ ಸುರಿದರೆ ಸಂಜೆಯವರೆಗೂ ಹನಿ ಎಣಿಸುತ್ತ ಕೂರಬೇಕು.

ಈಗ ದ್ರಾವಕವನ್ನು ಪೂರ್ತಿ ಹಾರಿಸಬೇಕು. ನನ್ನ ಆ ವಿದ್ಯಾರ್ಥಿನಿ ಎಡವಿದ್ದು ಇಲ್ಲೇ. ಖಾಲಿ ಗಾಜಿನ ತಟ್ಟೆಯನ್ನು ಮೊದಲು ತೂಗಿ ಬರೆದುಕೊಳ್ಳಿ. ಸಾರ ಸುರಿದು, ನೀರಿನ ತೊಟ್ಟಿಯ ಮೇಲೆ 40-45 ಡಿಗ್ರಿಯಲ್ಲಿ ಇಡಿ. ಬೆಂಕಿಯ ಜ್ವಾಲೆ ಆ ಕೋಣೆಯಲ್ಲೇ ಇರಬಾರದು. ಎರಡು ಸಲ, ಒಂದು ಗಂಟೆ ಬಿಟ್ಟು ತೂಗಿದಾಗ ತೂಕ ಬದಲಾಗದೇ ಇದ್ದರೆ ಒಣಗಿದೆ ಎಂದರ್ಥ. ಮೂಗಿಗೆ ವಾಸನೆ ಬರುತ್ತಿಲ್ಲ ಎಂಬುದು ಪುರಾವೆಯಲ್ಲ.

ಒಂದು ಲೆಕ್ಕ ನೋಡಿ. ಖಾಲಿ ತಟ್ಟೆ 42.30 ಗ್ರಾಂ, ಒಣಗಿದ ಸಾರದೊಂದಿಗೆ 44.10 ಗ್ರಾಂ ಎಂದುಕೊಳ್ಳಿ. ಸಿಕ್ಕ ಸಾರ 1.80 ಗ್ರಾಂ. 10 ಗ್ರಾಂ ಪುಡಿಯಿಂದ ಬಂದದ್ದರಿಂದ ಇಳುವರಿ ಶೇ. 18. ಇದರಲ್ಲಿ 1 ಗ್ರಾಂ ತೆಗೆದು 10 ಮಿ.ಲೀ. ಆಗುವಂತೆ ಕರಗಿಸಿದರೆ ಮಿಲಿಲೀಟರಿಗೆ 100 ಮಿಲಿಗ್ರಾಂ. ನೀರಿನ ಸಾರವನ್ನು ಸ್ಟೆರೈಲ್ ನೀರಿನಲ್ಲೇ ಕರಗಿಸಿ. ಆಲ್ಕೋಹಾಲ್ ಸಾರ ನೀರಿನಲ್ಲಿ ಕರಗದೆ ಉಳಿದರೆ ಮಾತ್ರ ಡಿಎಂಎಸ್‌ಒ ಎಂಬ ದ್ರಾವಕ ಬಳಸಿ. ಯಾವುದರಲ್ಲಿ ಕರಗಿಸಿದಿರೋ ಅದನ್ನು ಒಂದು ಪುಟ್ಟ ಬಾಟಲಿಯಲ್ಲಿ ಬೇರೆ ತೆಗೆದಿಟ್ಟು "ಖಾಲಿ" ಎಂದು ಚೀಟಿ ಅಂಟಿಸಿ.

"ಕಷಾಯ ಕುದಿಸಿದ್ದೀವಲ್ಲ ಸಾರ್, ಸ್ಟೆರೈಲೇ ತಾನೆ?" ಅಲ್ಲ. ಎಲೆ, ಸಿಪ್ಪೆಗಳ ಮೇಲೆ ಮಣ್ಣಿನಿಂದ ಬಂದ ಬ್ಯಾಸಿಲಸ್‌ಗಳ ಬೀಜಕಗಳಿರುತ್ತವೆ. ಅವು ಕುದಿಯುವ ನೀರಿಗೆ ಬಗ್ಗುವುದಿಲ್ಲ. ಸಾರವನ್ನು 0.22 ಮೈಕ್ರಾನ್ ಸಿರಿಂಜ್ ಫಿಲ್ಟರಿನಲ್ಲಿ ಹಾಯಿಸಿ. ದಪ್ಪ ಸಾರಕ್ಕೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಮೊದಲು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳಿ. ಆಮೇಲೆ ಏನೂ ಬಿತ್ತದ ಪ್ಲೇಟಿನ ಮೇಲೆ ಒಂದು ಹನಿ ಹಾಕಿ ರಾತ್ರಿಯಿಡೀ ಇಟ್ಟು ನೋಡಿ.

ಬೆಳ್ಳುಳ್ಳಿಯ ದಾರಿಯೇ ಬೇರೆ

ಬೆಳ್ಳುಳ್ಳಿಯನ್ನು ಒಣಗಿಸಿ, ಪುಡಿ ಮಾಡಿ, ಬಿಸಿ ಮಾಡಿ ಸಾರ ತೆಗೆಯಲು ಹೋದರೆ ಕೆಲಸದ ವಸ್ತುವೇ ಕೈಗೆ ಸಿಗದೆ ಹೋಗಬಹುದು. ಇಡೀ ಎಸಳಿಗೆ ವಾಸನೆ ಇಲ್ಲ, ಜಜ್ಜಿದ ಮೇಲೆಯೇ ಘಾಟು, ಗಮನಿಸಿದ್ದೀರಲ್ಲ? ಎಸಳಿನಲ್ಲಿ ಅಲ್ಲಿನ್ ಎಂಬ ವಸ್ತು ಒಂದು ಕಡೆ, ಅಲ್ಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಜಜ್ಜಿದಾಗ ಎರಡೂ ಕೂಡಿ ಅಲ್ಲಿಸಿನ್ ಹುಟ್ಟುತ್ತದೆ. ಬ್ಯಾಕ್ಟೀರಿಯಾಕ್ಕೆ ಆಗದ್ದು ಅದೇ. ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಅದನ್ನು ಬೇರ್ಪಡಿಸಿ ವರದಿ ಮಾಡಿದ್ದು 1944ರಲ್ಲಿ. ಜಜ್ಜುವ ಮೊದಲೇ ಬೇಯಿಸಿದರೆ ಕಿಣ್ವ ಕೆಡುತ್ತದೆ, ಆಮೇಲೆ ಎಷ್ಟು ಅರೆದರೂ ಪ್ರಯೋಜನವಿಲ್ಲ.

20 ಗ್ರಾಂ ಸುಲಿದ ಎಸಳನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ, ಹತ್ತು ನಿಮಿಷ ಹಾಗೇ ಬಿಡಿ. 20 ಮಿ.ಲೀ. ಸ್ಟೆರೈಲ್ ನೀರು ಬೆರೆಸಿ, ಹಿಂಡಿ, ತಿರುಗಿಸಿ, ಫಿಲ್ಟರ್ ಮಾಡಿ ಅಂದೇ ಬಳಸಿ. ಜೊತೆಗೆ ಇನ್ನೊಂದು 20 ಗ್ರಾಂ ಎಸಳನ್ನು ಇಡಿಯಾಗಿ ಹದಿನೈದು ನಿಮಿಷ ಬೇಯಿಸಿ, ಆಮೇಲೆ ಅದೇ ರೀತಿ ಕುಟ್ಟಿ ರಸ ತೆಗೆಯಿರಿ. ಹಸಿಯದರ ಸುತ್ತ ದೊಡ್ಡ ಬಳೆ, ಬೆಂದದ್ದರ ಸುತ್ತ ಬ್ಯಾಕ್ಟೀರಿಯಾ ಒತ್ತಾಗಿ ಬೆಳೆದ ದೃಶ್ಯ ಅಕ್ಕಪಕ್ಕ ನೋಡಿದರೆ ಹತ್ತು ಪುಟದ ಪಾಠ ಒಂದೇ ಪ್ಲೇಟಿನಲ್ಲಿ ಅರ್ಥವಾಗುತ್ತದೆ. ಅಲ್ಲಿಸಿನ್ ಆವಿಯಾಗಿಯೂ ಹರಡುವುದರಿಂದ ಬೆಳ್ಳುಳ್ಳಿಗೆ ಪ್ರತ್ಯೇಕ ಪ್ಲೇಟ್ ಕೊಡಿ, ಇಲ್ಲದಿದ್ದರೆ ಪಕ್ಕದ ಗುಳಿಯ ಹೆಸರೂ ಕೆಡುತ್ತದೆ.

ಪ್ಲೇಟ್ ಹಾಕುವುದು

ಈ ಪರೀಕ್ಷೆಗೆ ಮುಲ್ಲರ್-ಹಿಂಟನ್ ಅಗರ್ ರೂಢಿ. ಪುಡಿಯ ಡಬ್ಬಿಯ ಮೇಲೆ ಬರೆದಿರುವಂತೆ ಲೀಟರಿಗೆ 38 ಗ್ರಾಂ. 121 ಡಿಗ್ರಿ, 15 ಪೌಂಡ್ ಒತ್ತಡ, 15 ನಿಮಿಷ ಆಟೋಕ್ಲೇವ್ ಮಾಡಿ, ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ 90 ಮಿ.ಮೀ.ನ ಪ್ಲೇಟಿಗೆ 25 ಮಿ.ಲೀ. ಸುರಿಯಿರಿ. ಅಗರ್ 4 ಮಿ.ಮೀ. ದಪ್ಪ ನಿಲ್ಲುತ್ತದೆ. ಈ ದಪ್ಪವನ್ನು ಉಡಾಫೆ ಮಾಡಬೇಡಿ. ತೆಳುವಾದರೆ ಸಾರ ಅಗಲಕ್ಕೆ ಹರಡಿ ಬಳೆ ದೊಡ್ಡದಾಗುತ್ತದೆ, ದಪ್ಪವಾದರೆ ಚಿಕ್ಕದಾಗುತ್ತದೆ. ಮೇಜು ಓರೆಯಾಗಿದ್ದರೆ ಒಂದೇ ಪ್ಲೇಟಿನಲ್ಲಿ ಎರಡೂ ಆಗುತ್ತದೆ.

ಹೆಸರು, ದಿನಾಂಕ ಬರೆಯುವುದು ತಳದ ಮೇಲೆ, ಮುಚ್ಚಳದ ಮೇಲಲ್ಲ. ಹತ್ತು ಮುಚ್ಚಳ ಒಮ್ಮೆಲೇ ತೆಗೆದಾಗ ಯಾವುದು ಯಾರದ್ದೆಂದು ದೇವರಿಗೂ ಗೊತ್ತಾಗುವುದಿಲ್ಲ.

ಬಿತ್ತನೆಗೆ ಬೇಕಾದ ಹದ

ಬ್ಯಾಕ್ಟೀರಿಯಾ ಎಷ್ಟು ಒತ್ತಾಗಿ ಬಿತ್ತುತ್ತೇವೆ ಎಂಬುದರ ಮೇಲೂ ಬಳೆಯ ಗಾತ್ರ ನಿಂತಿದೆ. ಅದಕ್ಕೊಂದು ಅಳತೆಗೋಲು ಬೇಕು, 0.5 ಮ್ಯಾಕ್‌ಫರ್ಲ್ಯಾಂಡ್. ಶೇ. 1ರ ಗಂಧಕಾಮ್ಲ 9.95 ಮಿ.ಲೀ., ಶೇ. 1.175ರ ಬೇರಿಯಂ ಕ್ಲೋರೈಡ್ 0.05 ಮಿ.ಲೀ. ಬೆರೆಸಿದರೆ ತೆಳು ಮಜ್ಜಿಗೆಯ ತಿಳಿಯಂಥ ಮಸುಕು ಬರುತ್ತದೆ. ಮುಚ್ಚಳ ಬಿಗಿದು ಕತ್ತಲಲ್ಲಿಟ್ಟರೆ ತಿಂಗಳುಗಟ್ಟಲೆ ಬಾಳುತ್ತದೆ. ಬೇರಿಯಂ ವಿಷ, ಬಾಯಿಯಿಂದ ಪಿಪೆಟ್ ಎಳೆಯುವ ಹಳೆಯ ಚಾಳಿ ಯಾರಲ್ಲಾದರೂ ಉಳಿದಿದ್ದರೆ ಇಂದೇ ಬಿಡಿ.

ಹಿಂದಿನ ದಿನ ಬೆಳೆಸಿದ ಪ್ಲೇಟಿನಿಂದ ಮೂರು ನಾಲ್ಕು ಕಾಲೊನಿಗಳನ್ನು ಲೂಪಿನಲ್ಲಿ ತೆಗೆದು ಸ್ಟೆರೈಲ್ ಸಲೈನ್‌ನಲ್ಲಿ ಕದಡಿ. ಬಿಳಿ ಕಾರ್ಡಿನ ಮೇಲೆ ಕಪ್ಪು ಗೆರೆ ಎಳೆದು, ಎರಡೂ ಟ್ಯೂಬುಗಳನ್ನು ಅದರ ಮುಂದೆ ಹಿಡಿಯಿರಿ. ಗೆರೆ ಎರಡರಲ್ಲೂ ಒಂದೇ ಸಮ ಮಸುಕಾಗಿ ಕಂಡರೆ ಹದ ಸರಿಯಾಗಿದೆ. ಮಿಲಿಲೀಟರಿಗೆ ಸುಮಾರು 15 ಕೋಟಿ ಕೋಶ. ಹದಿನೈದು ನಿಮಿಷದೊಳಗೆ ಬಳಸಿ. ಹತ್ತಿಯ ಸ್ವಾಬ್ ಅದ್ದಿ, ಟ್ಯೂಬಿನ ಗೋಡೆಗೆ ಒತ್ತಿ ಹೆಚ್ಚಿನದನ್ನು ಹಿಂಡಿ, ಅಗರ್ ಮೇಲೆ ಒತ್ತೊತ್ತಾಗಿ ಸವರಿ. ಪ್ಲೇಟನ್ನು 60 ಡಿಗ್ರಿ ತಿರುಗಿಸಿ ಮತ್ತೊಮ್ಮೆ, ಇನ್ನೂ ತಿರುಗಿಸಿ ಮಗದೊಮ್ಮೆ, ಕೊನೆಗೆ ಅಂಚಿನ ಸುತ್ತ ಒಂದು ಸುತ್ತು. ಸೆಗಣಿ ಸಾರಿಸಿದ ಅಂಗಳದ ಹಾಗೆ ಎಲ್ಲೂ ಬಿಟ್ಟಿರಬಾರದು.

ಗುಳಿಗಳು

6 ಮಿ.ಮೀ. ಕಾರ್ಕ್ ಬೋರರನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಜ್ವಾಲೆಗೆ ತೋರಿಸಿ, ಆರಿದ ಮೇಲೆ ಅಗರಿಗೆ ನೇರವಾಗಿ ಒತ್ತಿ. ಸ್ಪಿರಿಟ್ಟಿನ ಬೀಕರ್ ಜ್ವಾಲೆಯಿಂದ ದೂರವಿರಲಿ, ಪಕ್ಕದಲ್ಲೇ ಒಂದು ಗಾಜಿನ ಮುಚ್ಚಳ ಇರಲಿ. ಉರಿಯುತ್ತಿದ್ದ ಬೋರರನ್ನೇ ಬೀಕರಿಗೆ ಮತ್ತೆ ಅದ್ದಿ, ಬೀಕರೇ ಹೊತ್ತಿಕೊಂಡದ್ದನ್ನು ನಮ್ಮ ಲ್ಯಾಬ್ ಕಂಡಿದೆ. ಅಂದು ನೀರು ಸುರಿಯಲು ಓಡಿದ ಹುಡುಗನನ್ನು ತಡೆದು ಮುಚ್ಚಳ ಮುಚ್ಚಿದ್ದರಿಂದ ಬೆಂಕಿ ಅಲ್ಲಿಗೇ ಆರಿತು.

ಅಗರಿನ ಬಿಲ್ಲೆಯನ್ನು ಸೂಜಿಯಿಂದ ಎತ್ತಿ ತೆಗೆಯಿರಿ. ಎತ್ತುವಾಗ ಸುತ್ತಲ ಅಗರ್ ತಳದಿಂದ ಬಿಟ್ಟುಕೊಂಡರೆ ಸಾರ ಅಡಿಯಲ್ಲಿ ನುಸುಳಿ ಹರಿದು, ಬಳೆ ಒಂದು ಕಡೆ ಸೊಟ್ಟಗಾಗುತ್ತದೆ. ಅನುಮಾನವಿದ್ದರೆ ಗುಳಿಯ ತಳಕ್ಕೆ ಕರಗಿದ ಅಗರಿನ ಒಂದು ಹನಿ ಬಿಟ್ಟು ಮುಚ್ಚಿ. ಗುಳಿ ಎಷ್ಟು ಹಿಡಿಯುತ್ತದೆ? 6 ಮಿ.ಮೀ. ಅಗಲ, 4 ಮಿ.ಮೀ. ಆಳಕ್ಕೆ ಸುಮಾರು 113 ಮೈಕ್ರೋಲೀಟರ್. 50 ಹಾಕಿದರೆ ಆರಾಮ, 100 ಹಾಕಿದರೆ ಕೈ ನಡುಗಬಾರದು. ನಾನು ಹೇಳುವುದು 50. ಗುಳಿಯಿಂದ ಗುಳಿಗೆ ಕನಿಷ್ಠ 24 ಮಿ.ಮೀ. ಬಿಡಿ. ದೊಡ್ಡ ಬಳೆಗಳ ನಿರೀಕ್ಷೆ ಇದ್ದರೆ ಇನ್ನೂ ಹೆಚ್ಚು.

ಒಂದು ಪ್ಲೇಟಿಗೆ ನಾಲ್ಕೇ ಜಾಗ ಇಡಿ: ನೀರಿನ ಸಾರ, ಆಲ್ಕೋಹಾಲ್ ಸಾರ, ಖಾಲಿ ದ್ರಾವಕ, ಮತ್ತು ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್ 10 ಮೈಕ್ರೋಗ್ರಾಂ ಇರುವ ಕಾಗದದ ಡಿಸ್ಕ್. ಖಾಲಿ ಗುಳಿಗೂ ಅಷ್ಟೇ 50 ಮೈಕ್ರೋಲೀಟರ್, ಅದೇ ಬಾಟಲಿಯಿಂದ, ಅದೇ ಹೊತ್ತಿಗೆ. ಎರಡು ಬಗೆಯ ದ್ರಾವಕ ಬಳಸಿದ್ದರೆ ಎರಡು ಖಾಲಿ ಗುಳಿ. ಹಣ್ಣು ತೊಳೆದ ನೀರಿಗೆ ಪಕ್ಕದ ಪ್ಲೇಟಿನಲ್ಲಿ ಒಂದು.

ಪುನರ್ಪುಳಿ, ನಿಂಬೆ, ಹುಣಸೆ, ನೆಲ್ಲಿಕಾಯಿಯಂಥ ಹುಳಿ ಪದಾರ್ಥ ಆರಿಸಿಕೊಂಡವರಿಗೆ ಇನ್ನೊಂದು ಖಾಲಿ ಗುಳಿ ಬೇಕು. ಹುಳಿಗೇ ಬ್ಯಾಕ್ಟೀರಿಯಾ ಮಣಿಯುತ್ತದೆ. ಉಪ್ಪಿನಕಾಯಿ ಕೆಡದಿರುವುದರಲ್ಲಿ ಉಪ್ಪಿನಷ್ಟೇ ಹುಳಿಯ ಪಾಲೂ ಇದೆ. ಸಾರದ ಪಿಎಚ್ ಅಳೆದು, ಅಷ್ಟೇ ಪಿಎಚ್ ಬರುವಂತೆ ಸಿಟ್ರಿಕ್ ಆಮ್ಲ ಬೆರೆಸಿದ ನೀರನ್ನು ಒಂದು ಗುಳಿಗೆ, ಪಿಎಚ್ 7ಕ್ಕೆ ತಂದ ಸಾರವನ್ನು ಇನ್ನೊಂದು ಗುಳಿಗೆ ಹಾಕಿ. ಪುನರ್ಪುಳಿಯ ಮಹಿಮೆ ಎಂದು ಬರೆದ ಎಷ್ಟೋ ರಿಪೋರ್ಟುಗಳು ಈ ಎರಡು ಗುಳಿಗಳನ್ನು ದಾಟಲಾರವು.

ಎಲ್ಲ ಹಾಕಿದ ಮೇಲೆ ಪ್ಲೇಟನ್ನು ಮೇಜಿನ ಮೇಲೆ ಅರ್ಧ ಗಂಟೆ ಅಲುಗಿಸದೆ ಬಿಡಿ. ಆಮೇಲೆ ಇನ್‌ಕ್ಯುಬೇಟರಿಗೆ, 35 ಡಿಗ್ರಿ, 16ರಿಂದ 18 ಗಂಟೆ. ಪ್ಲೇಟುಗಳನ್ನು ಬೋರಲು ಇಡಬೇಕು ಎಂದು ಎಲ್ಲೆಡೆ ಕಲಿಸುತ್ತೇವಷ್ಟೆ. ಗುಳಿಯಲ್ಲಿ ದ್ರವ ಇರುವ ಪ್ಲೇಟನ್ನು ಹಾಗೆ ಇಟ್ಟರೆ ನಿಮ್ಮ ಸಾರವೆಲ್ಲ ಮುಚ್ಚಳದಲ್ಲಿರುತ್ತದೆ. ಇದನ್ನು ನೇರವಾಗಿಯೇ ಇಡಿ. ಪ್ರತಿ ಬ್ಯಾಕ್ಟೀರಿಯಾಕ್ಕೂ ಮೂರು ಪ್ಲೇಟ್ ಹಾಕಿ.

ಮರುದಿನ ಬೆಳಿಗ್ಗೆ

ಮೊದಲು ಖಾಲಿ ಗುಳಿಯನ್ನು ನೋಡಿ. ಅದರ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದಿದ್ದರೆ ಮುಂದೆ ಹೋಗಿ. ಬಳೆ ಇದ್ದರೆ ಸಾರ ಇನ್ನೂ ಒಣಗಬೇಕಿತ್ತು, ಅಥವಾ ಡಿಎಂಎಸ್‌ಒ ಹೆಚ್ಚಾಯಿತು. ಪ್ಲೇಟ್ ಮತ್ತೆ ಹಾಕಬೇಕು. 14ರಿಂದ 12 ಕಳೆದು 2 ಮಿ.ಮೀ. ಎಂದು ಬರೆಯುವ ಜಾಣತನ ಬೇಡ, ಬಳೆಗಳ ಲೆಕ್ಕ ಹಾಗೆ ಕಳೆಯಲು ಬರುವುದಿಲ್ಲ. ಎರಡನೆಯದಾಗಿ ಜೆಂಟಾಮೈಸಿನ್ ಡಿಸ್ಕ್ ನೋಡಿ. ಅದರ ಸುತ್ತ ಸ್ಪಷ್ಟ ಬಳೆ ಇಲ್ಲದಿದ್ದರೆ ಅಗರ್, ಡಿಸ್ಕ್, ತಳಿ ಇವುಗಳಲ್ಲಿ ಯಾವುದೋ ಕೆಟ್ಟಿದೆ. ಈ ಎರಡೂ ಸರಿಯಾದ ಮೇಲೆಯೇ ನಿಮ್ಮ ಗಿಡದ ಸರದಿ.

ಪ್ಲೇಟನ್ನು ಮುಚ್ಚಳ ತೆಗೆಯದೆ ಕಪ್ಪು ಬಟ್ಟೆಯ ಮೇಲೆ ಮಗುಚಿ ಹಿಡಿದು ತಳದಿಂದ ಅಳೆಯಿರಿ, ಗುಳಿಯೂ ಸೇರಿ ಅಡ್ಡಳತೆ. ಅಂದರೆ 6 ಮಿ.ಮೀ. ಎಂದು ಬಂದರೆ ಬಳೆಯೇ ಇಲ್ಲ ಎಂದರ್ಥ. ಇದನ್ನು ಮರೆತು, ಶೂನ್ಯ ಪರಿಣಾಮವನ್ನು "6 ಮಿ.ಮೀ. ಪ್ರತಿರೋಧ" ಎಂದು ಅಚ್ಚು ಹಾಕಿಸಿದವರಿದ್ದಾರೆ. ದಾಳಿಂಬೆಯ ಟ್ಯಾನಿನ್ ಅಗರಿನ ಪ್ರೋಟೀನಿಗೆ ಅಂಟಿ ಗುಳಿಯ ಸುತ್ತ ಮಂಕಾದ ಕಂದು ಉಂಗುರ ಮಾಡುತ್ತದೆ. ಅರಿಶಿನ ಹಳದಿ ಉಂಗುರ ಬಿಡುತ್ತದೆ. ಬಣ್ಣದ ಉಂಗುರವೇ ಬಳೆಯಲ್ಲ. ಪ್ಲೇಟನ್ನು ಓರೆ ಬೆಳಕಿಗೆ ಹಿಡಿದು, ಬ್ಯಾಕ್ಟೀರಿಯಾದ ಮಂಜು ನಿಲ್ಲುವ ಗೆರೆ ಎಲ್ಲಿದೆ ಹುಡುಕಿ. ಮೂರು ಪ್ಲೇಟಿನ ಅಳತೆ 15, 16, 14 ಬಂದರೆ ಸರಾಸರಿ 15 ಎಂದು ಬರೆಯಿರಿ. ಸ್ಕೇಲಿನಲ್ಲಿ ಅಳೆದು 15.37 ಎಂದರೆ ಯಾರೂ ನಂಬುವುದಿಲ್ಲ.

ಈಗ ಒಂದು ಹೋಲಿಕೆ ಮಾಡಿ. ನಿಮ್ಮ ಗುಳಿಯಲ್ಲಿದ್ದ ಸಾರ 50 ಮೈಕ್ರೋಲೀಟರ್, ಮಿಲಿಲೀಟರಿಗೆ 100 ಮಿಲಿಗ್ರಾಂನಂತೆ 5 ಮಿಲಿಗ್ರಾಂ. ಡಿಸ್ಕಿನಲ್ಲಿದ್ದ ಜೆಂಟಾಮೈಸಿನ್ 10 ಮೈಕ್ರೋಗ್ರಾಂ. ಐನೂರು ಪಟ್ಟು ಹೆಚ್ಚು ಹಾಕಿಯೂ ಸಾರದ ಬಳೆ ಚಿಕ್ಕದೇ ಇರಬಹುದು. ಅದರಲ್ಲಿ ನಾಚಿಕೆಯೇನಿಲ್ಲ, ಸಾರ ನೂರಾರು ವಸ್ತುಗಳ ಮಿಶ್ರಣ, ಡಿಸ್ಕ್ ಒಂದೇ ಶುದ್ಧ ವಸ್ತು. ಆದರೆ "ಆ್ಯಂಟಿಬಯಾಟಿಕ್‌ಗೆ ಸರಿಸಾಟಿ" ಎಂಬ ಮಾತು ರಿಪೋರ್ಟಿನಲ್ಲಿ ಬಾರದಿರಲಿ. ಹಾಗೆಯೇ, ಲವಂಗದ ಬಳೆ ಅರಿಶಿನದ ಬಳೆಗಿಂತ ದೊಡ್ಡದು ಎಂದಾಗ ಲವಂಗ ಹೆಚ್ಚು ಶಕ್ತಿಶಾಲಿ ಎಂದಾಗಬೇಕಿಲ್ಲ. ಯಾವುದು ಅಗರಿನಲ್ಲಿ ಸಲೀಸಾಗಿ ಓಡಿತೋ ಅದರ ಬಳೆ ದೊಡ್ಡದು. ಒಂದೇ ಸಾರದ ಬೇರೆ ಬೇರೆ ಪ್ರಮಾಣಗಳನ್ನು, 100, 50, 25, ಹೋಲಿಸುವುದಕ್ಕೆ ಈ ವಿಧಾನ ಒಳ್ಳೆಯದು.

ಗಿಡಕ್ಕೂ ಗಿಡಕ್ಕೂ ಪೈಪೋಟಿ ನೋಡಬೇಕಿದ್ದರೆ ಎಂಐಸಿ ಮಾಡಬೇಕು, ಅಂದರೆ ಬೆಳವಣಿಗೆಯನ್ನು ನಿಲ್ಲಿಸುವ ಅತಿ ಕಡಿಮೆ ಪ್ರಮಾಣ. ಸಾಲಾಗಿ ಟ್ಯೂಬುಗಳಲ್ಲಿ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಯುವ ದ್ರವ ಆಹಾರ) ಹಾಕಿ, ಸಾರವನ್ನು ಪ್ರತಿ ಟ್ಯೂಬಿಗೂ ಅರ್ಧರ್ಧ ಆಗುವಂತೆ ದಾಟಿಸುತ್ತ ಹೋಗಿ, ಎಲ್ಲಕ್ಕೂ ಒಂದೇ ಪ್ರಮಾಣದ ಬ್ಯಾಕ್ಟೀರಿಯಾ ಹಾಕಿ ರಾತ್ರಿಯಿಡೀ ಇಡುವುದು. ಕಂದು ಸಾರದಲ್ಲಿ ಮಸುಕು ಕಾಣುವುದಿಲ್ಲ, ರೆಸಜುರಿನ್ ಎಂಬ ನೀಲಿ ಬಣ್ಣದ ಹನಿ ಹಾಕಿ. ಜೀವಂತ ಕೋಶಗಳಿದ್ದರೆ ನೀಲಿ ಹೋಗಿ ಗುಲಾಬಿ ಆಗುತ್ತದೆ. ಇಲ್ಲೂ ಖಾಲಿ ಟ್ಯೂಬ್ ಬೇಕು: ಕೆಲವು ಸಾರಗಳು ಬ್ಯಾಕ್ಟೀರಿಯಾ ಇಲ್ಲದೆಯೂ ರೆಸಜುರಿನ್ನನ್ನು ಗುಲಾಬಿ ಮಾಡಿಬಿಡುತ್ತವೆ. ಬೆಳವಣಿಗೆ ನಿಂತ ಟ್ಯೂಬುಗಳಿಂದ ಒಂದೊಂದು ಲೂಪ್ ತೆಗೆದು ಹೊಸ ಪ್ಲೇಟಿನ ಮೇಲೆ ಗೀಚಿದರೆ, ಬ್ಯಾಕ್ಟೀರಿಯಾ ಸತ್ತಿದೆಯೋ ಬರೀ ಸುಮ್ಮನಿದೆಯೋ ಅದೂ ತಿಳಿಯುತ್ತದೆ.

ಬರೆಯುವಾಗ

ಕನ್ನಡದಲ್ಲಿ ಮೂರು ಬೇರೆ ಬೇರೆ ಮಾತುಗಳಿವೆ: ತಡೆಯಿತು, ಕೊಂದಿತು, ಗುಣಪಡಿಸಿತು. ಬಳೆ ತೋರಿಸುವುದು ಮೊದಲನೆಯದನ್ನು ಮಾತ್ರ. ಎರಡನೆಯದಕ್ಕೆ ಆ ಹೊಸ ಪ್ಲೇಟಿನ ಗೀಚು ಬೇಕು. ಮೂರನೆಯದು ನಿಮ್ಮ ಲ್ಯಾಬಿನ ಮಾತೇ ಅಲ್ಲ. ಪ್ಲೇಟಿನಲ್ಲಿ ಕೆಲಸ ಮಾಡಿದ್ದು ಹೊಟ್ಟೆಯಲ್ಲಿ ಜೀರ್ಣವಾಗಿ, ರಕ್ತಕ್ಕೆ ಸೇರಿ, ಸೋಂಕಿನ ಜಾಗಕ್ಕೆ ಸಾಕಷ್ಟು ತಲುಪುವವರೆಗೆ ಎಷ್ಟೋ ಬಾಗಿಲು ದಾಟಬೇಕು. ಸ್ಪಿರಿಟ್ಟಿಗೂ ದೊಡ್ಡ ಬಳೆ ಬರುತ್ತದೆ. ನಿಮ್ಮ ಸಾರವನ್ನು ಯಾರ ಗಾಯಕ್ಕೂ ಹಚ್ಚಬೇಡಿ, ಯಾರಿಗೂ ಕುಡಿಸಬೇಡಿ.

ಲಕ್ಕಿ ಸೊಪ್ಪಿನ ಹುಡುಗಿ ಕೊನೆಗೆ ಸಾರವನ್ನು ಪೂರ್ತಿ ಒಣಗಿಸಿ ಮತ್ತೆ ಮಾಡಿದಳು. ಬ್ಯಾಸಿಲಸ್ ಮೇಲೆ 8 ಮಿ.ಮೀ., ಇ. ಕೋಲೈ ಮೇಲೆ ಏನೂ ಇಲ್ಲ, ಖಾಲಿ ಗುಳಿ ಸ್ವಚ್ಛ. ಮೊದಲಿನ ಫೋಟೋದಷ್ಟು ಚೆಂದ ಇರಲಿಲ್ಲ. ಅದನ್ನೇ ರಿಪೋರ್ಟಿಗೆ ಅಂಟಿಸಿದಳು.

ಕೆಲಸ ಮುಗಿದ ಪ್ಲೇಟುಗಳನ್ನು ತೆರೆಯದೆ ಚೀಲಕ್ಕೆ ಹಾಕಿ 121 ಡಿಗ್ರಿಯಲ್ಲಿ ಅರ್ಧ ಗಂಟೆ ಆಟೋಕ್ಲೇವ್ ಮಾಡಿ, ಆಮೇಲೆಯೇ ಕಸಕ್ಕೆ. ಸ್ವಾಬ್, ಟಿಪ್‌ಗಳು ಶೇ. 1ರ ಹೈಪೋಕ್ಲೋರೈಟ್‌ನಲ್ಲಿ ನೆನೆಯಲಿ. ಮೇಜನ್ನು ಸ್ಪಿರಿಟ್ಟಿನಿಂದ ಒರೆಸಿ, ಕೈ ಸೋಪಿನಿಂದ ತೊಳೆಯಿರಿ. ಉಳಿದ ಸಿಪ್ಪೆ ಪುಡಿಯನ್ನು ಎಸೆಯಬೇಡಿ. ಡಬ್ಬಿಯ ಮೇಲೆ ಗಿಡದ ಹೆಸರು, ತಂದ ಊರು, ಒಣಗಿಸಿದ ದಿನಾಂಕ ಬರೆದು ಕಪಾಟಿನಲ್ಲಿಡಿ. ಮುಂದಿನ ವರ್ಷ ಬರುವ ಜೂನಿಯರ್ ಅದೇ ಪುಡಿಯಿಂದ ಮತ್ತೆ ಮಾಡಿ ನೋಡಲು ಬೇಕಾಗುತ್ತದೆ.